ಗಾಲಿಯ ಮಾತು: ಅಜ್ಜಿ ಹತ್ತಲಾಗದ ಜೀಪು



ಕಳೆದ ತಿಂಗಳು ನಮ್ಮ ಸಂಘದ ಮಾಸಿಕ ಕೂಟ ಮುಗಿದು ಎಲ್ಲರೂ ಕಾಫಿ ಲೋಟ ಹಿಡಿದು ಹರಟುತ್ತಿದ್ದಾಗ, ಒಬ್ಬ ತಾಯಿ ತಮ್ಮ ಮಗನನ್ನು ನನ್ನ ಬಳಿ ಕರೆತಂದರು. "ಅಣ್ಣಾ, ನೀವಾದರೂ ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಎಲ್ಲಿಂದಲೋ ಹಳೇ ಜೀಪು ತಂದಿದ್ದಾನೆ. ಇರೋ ಎತ್ತರ ಸಾಲದೂಂತ ಇನ್ನೂ ನಾಲ್ಕು ಇಂಚು ಏರಿಸ್ತಾನಂತೆ" ಎಂದರು. ಹುಡುಗ ಇಲ್ಲೇ ಫೋರ್ಟ್ ಕೊಚ್ಚಿಯಲ್ಲಿ ಹುಟ್ಟಿ ಬೆಳೆದವನು. ಮನೆಯಲ್ಲಿ ಕುಂದಾಪುರದ ಕನ್ನಡ, ಬೀದಿಯಲ್ಲಿ ಮಲಯಾಳ, ಗ್ಯಾರೇಜಿನಲ್ಲಿ ಇಂಗ್ಲಿಷು. ಮೊದಲು ಸುಮ್ಮನೆ ನಕ್ಕ. ಆಮೇಲೆ ಹೇಳಿದ: "ಅಂಕಲ್, ಅಜ್ಜಿಗೆ ಒಂದೇ ಒಂದು ಆಸೆ ಉಳಿದಿದೆಯಂತೆ, ಕೊಡಚಾದ್ರಿ ನೋಡೋದು. ನಡೆದು ಹತ್ತೋಕೆ ಆಗಲ್ಲ. ನನ್ನ ಜೀಪಲ್ಲೇ ಕರ್ಕೊಂಡು ಹೋಗ್ತೀನಿ. ಅದಕ್ಕೇ ಲಿಫ್ಟ್ ಮಾಡಿಸ್ತಿರೋದು."

ಇಂಥ ಮಾತು ಕೇಳಿದ ಮೇಲೆ ಬೈಯುವುದು ಹೇಗೆ? ಹಡಗು ದುರಸ್ತಿಯ ಕೆಲಸದಲ್ಲಿ ಆಯುಷ್ಯದ ಬಹುಭಾಗ ಕಳೆದವನು ನಾನು. ಬುದ್ಧಿವಾದಕ್ಕಿಂತ ಲೆಕ್ಕ ಹೇಳುವುದು ನನಗೆ ಸುಲಭ. ಅಂದು ಅವನೊಡನೆ ಆಡಿದ ಮಾತುಗಳನ್ನೇ ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿ ಇನ್ನೂ ಕೆಲವರಿಗೆ ಇದೇ ಹುಚ್ಚು ಇದೆಯೆಂದು ಬಲ್ಲೆ!

ಕೊಲ್ಲೂರಿನ ಜೀಪುಗಳ ಪಾಠ

ಮೂಕಾಂಬಿಕೆಯ ದರ್ಶನಕ್ಕೆ ಕೇರಳದಿಂದ ಹೋಗುವ ಜನ ಎಷ್ಟೆಂದು ನಿಮಗೆ ಗೊತ್ತೇ ಇದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಜೀಪಿನಲ್ಲಿ ಹೋಗುವುದು ರೂಢಿ. 1343 ಮೀಟರ್ ಎತ್ತರದ ಬೆಟ್ಟ. ಮೇಲೇರುವ ಕೊನೆಯ ಭಾಗಕ್ಕೆ ರಸ್ತೆ ಎನ್ನುವುದಕ್ಕಿಂತ ಕಲ್ಲಿನ ಹಳ್ಳ ಎಂದರೇ ಸರಿ. ಆ ಜೀಪುಗಳನ್ನು ನೀವು ಗಮನಿಸಿ ನೋಡಿದ್ದೀರಾ? ಬಹುಪಾಲು ಹಳೆಯ ಮಹೀಂದ್ರಗಳು. ಆಕಾಶಕ್ಕೆ ಎತ್ತರಿಸಿದ ಗಾಡಿಗಳಲ್ಲ, ಆಳೆತ್ತರದ ಟೈರುಗಳೂ ಇಲ್ಲ. ನಮ್ಮ ಇಡುಕ್ಕಿಯ ಸೂರ್ಯನೆಲ್ಲಿಯಿಂದ ಕೊಳುಕ್ಕುಮಲೆಗೆ ಏರುವ ಜೀಪುಗಳೂ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪುಗಳೂ ಹಾಗೆಯೇ. ಆದರೂ ದಿನಕ್ಕೆ ಎರಡು ಮೂರು ಬಾರಿ ಜನರನ್ನು ತುಂಬಿಕೊಂಡು ಹತ್ತಿಳಿಯುತ್ತವೆ.

ಇದು ಹೇಗೆ ಸಾಧ್ಯ? ಗುಟ್ಟು ಎತ್ತರದಲ್ಲಿಲ್ಲ, ನಾಲ್ಕು ಗಾಲಿಗಳೂ ನೆಲ ಬಿಡದಂತೆ ನೋಡಿಕೊಳ್ಳುವುದರಲ್ಲಿದೆ. ಒಂದು ಗಾಲಿ ಬಂಡೆ ಹತ್ತಿದಾಗ ಎದುರು ಮೂಲೆಯ ಗಾಲಿ ಗುಂಡಿಗೆ ಇಳಿದು ನೆಲ ಮುಟ್ಟಬೇಕು. ಗಾಳಿಯಲ್ಲಿ ತೇಲುವ ಗಾಲಿ ಸುಮ್ಮನೆ ಗಿರಗಿರನೆ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹೀಗೆ ಗಾಲಿಗಳು ಮೇಲೆ ಕೆಳಗೆ ಆಡುವ ಸಾಮರ್ಥ್ಯಕ್ಕೆ 'ಆರ್ಟಿಕ್ಯುಲೇಷನ್' ಎನ್ನುತ್ತಾರೆ. ಇದನ್ನು ಅಳೆಯುವ ವಿಧಾನವೂ ಸರಳ. 20 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಮುಂದಿನ ಒಂದು ಗಾಲಿಯನ್ನು ಮಾತ್ರ ಹತ್ತಿಸುತ್ತಾ ಹೋಗುವುದು. ಬೇರೆ ಯಾವುದಾದರೂ ಗಾಲಿ ನೆಲ ಬಿಡುವವರೆಗೆ ಹಲಗೆಯ ಮೇಲೆ ಎಷ್ಟು ದೂರ ಹೋಯಿತೋ ಅದನ್ನು ಗಾಡಿಯ ವೀಲ್‌ಬೇಸಿನಿಂದ ಭಾಗಿಸಿ 1000ದಿಂದ ಗುಣಿಸಿದರೆ ಬರುವ ಅಂಕಿಯೇ ಅದರ ಯೋಗ್ಯತೆ. ಈ ಲೆಕ್ಕದಲ್ಲಿ ಗಾಡಿಯ ಎತ್ತರ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ.

ಏರಿಸುವುದು ಮೂರು ಬಗೆ

ಹಾಗೆಂದ ಮಾತ್ರಕ್ಕೆ ಎತ್ತರದಿಂದ ಪ್ರಯೋಜನವೇ ಇಲ್ಲ ಎಂದಲ್ಲ. ಫೋರ್ಟ್ ಕೊಚ್ಚಿಯಿಂದ ವೈಪಿನ್‌ಗೆ ದಾಟಿಸುವ ರೋ-ರೋ ಜಂಗಾರಿಗೆ ಕಾರು ಹತ್ತಿಸುವಾಗ, ನೀರಿಳಿತದ ಹೊತ್ತಿನಲ್ಲಿ ಮುಂದಿನ ಬಂಪರು ಕರಕರ ಉಜ್ಜುವುದನ್ನು ಕಂಡಿದ್ದೀರಲ್ಲವೇ? ಮುಂದೆ ಹತ್ತುವ ಕೋನ, ನಡುವೆ ಹೊಟ್ಟೆ ತಾಗದ ಕೋನ, ಹಿಂದೆ ಇಳಿಯುವ ಕೋನ, ಈ ಮೂರೂ ಎತ್ತರ ಹೆಚ್ಚಿದಂತೆ ಸುಧಾರಿಸುತ್ತವೆ. 2018ರ ಆಗಸ್ಟ್ ಪ್ರಳಯದಲ್ಲಿ ಮೀನುಗಾರರ ದೋಣಿಗಳ ಜೊತೆಗೆ ಎತ್ತರದ ಜೀಪುಗಳೂ ರಕ್ಷಣೆಗೆ ಧಾವಿಸಿದ್ದನ್ನು ನಾವು ಮರೆಯುವಂತಿಲ್ಲ. ಆದರೆ ಎತ್ತರ ಎಂದರೆ ಯಾವುದರ ಎತ್ತರ ಎಂದು ಮೊದಲು ಕೇಳಿಕೊಳ್ಳಬೇಕು.

ಮೊದಲನೆಯದು ಬಾಡಿ ಲಿಫ್ಟ್. ಛಾಸಿಗೂ ಮೇಲಿನ ತೊಟ್ಟಿಗೂ ನಡುವೆ ದಪ್ಪ ಬಿಲ್ಲೆಗಳನ್ನು ಇಟ್ಟು ತೊಟ್ಟಿಯನ್ನು ಮಾತ್ರ ಏರಿಸುವುದು. ದೊಡ್ಡ ಟೈರಿಗೆ ಜಾಗ ಸಿಗುತ್ತದೆ. ಛಾಸಿ, ಎಂಜಿನ್ನು, ಆಕ್ಸಲ್ ಎಲ್ಲ ಇದ್ದಲ್ಲೇ ಇರುತ್ತವೆ.

ಎರಡನೆಯದು ಸಸ್ಪೆನ್ಷನ್ ಲಿಫ್ಟ್. ಸ್ಪ್ರಿಂಗನ್ನೇ ಬದಲಿಸಿ ಛಾಸಿಯನ್ನು ಏರಿಸುವುದು. ಇಲ್ಲಿ ಹಲವರು ಮೋಸ ಹೋಗುತ್ತಾರೆ. ಹಳೆಯ ಜೀಪಿನ ಎರಡು ಹಿಂದಿನ ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡ ಪೆಟ್ಟಿಗೆಯೊಂದಿದೆ, ಅದೇ ಡಿಫರೆನ್ಷಿಯಲ್. ಬಂಡೆಗೆ ಮೊದಲು ತಾಗುವುದು ಅದೇ. ಅದು ಇರುವುದು ಆಕ್ಸಲ್ ಮೇಲೆ. ಸ್ಪ್ರಿಂಗನ್ನು ನಾಲ್ಕು ಇಂಚಲ್ಲ, ನಲವತ್ತು ಇಂಚು ಏರಿಸಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ!

ಅದನ್ನು ಏರಿಸುವುದು ಮೂರನೆಯ ದಾರಿ, ಅಂದರೆ ದೊಡ್ಡ ಟೈರು, ಮಾತ್ರ. ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟೇ. 235/75 ಆರ್15 ಅಳತೆಯ ಟೈರಿನ ವ್ಯಾಸ ಸುಮಾರು 733 ಮಿ.ಮೀ. ಅದರ ಬದಲು 31 ಇಂಚಿನ, ಅಂದರೆ 787 ಮಿ.ಮೀ. ಟೈರು ಹಾಕಿದರೆ ಡಿಫರೆನ್ಷಿಯಲ್ ಏರುವುದು 27 ಮಿ.ಮೀ., ಹೆಚ್ಚುಕಡಿಮೆ ಒಂದು ಇಂಚು. ಅದಕ್ಕೆ ತೆರುವ ಬೆಲೆಯನ್ನೂ ನೋಡಿ. ಗಾಲಿ ಒಂದು ಸುತ್ತಿಗೆ ಶೇ. 7ರಷ್ಟು ಹೆಚ್ಚು ದೂರ ಹೋಗುವುದರಿಂದ ಸ್ಪೀಡೋಮೀಟರು 80 ತೋರಿಸುವಾಗ ನಿಜವಾದ ವೇಗ ಸುಮಾರು 86. ಗೇರಿನ ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಬ್ರೇಕಿನ ಮೇಲೆ ಭಾರ ಅಷ್ಟೇ ಹೆಚ್ಚುತ್ತದೆ.

ಬ್ಲೇಡೋ, ಕಾಯಿಲೋ?

ಈಗ ಸ್ಪ್ರಿಂಗಿನ ವಿಚಾರಕ್ಕೆ ಬರೋಣ. ನಮ್ಮೂರ ಮೆಕ್ಯಾನಿಕ್ಕುಗಳು 'ಬ್ಲೇಡ್' ಎನ್ನುವ ಲೀಫ್ ಸ್ಪ್ರಿಂಗು ಎತ್ತಿನ ಗಾಡಿ, ಸಾರೋಟುಗಳ ಕಾಲದಿಂದ ಬಂದದ್ದು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಬಿಲ್ಲು. ಭಾರ ಹೊರುವ ಕೆಲಸವೂ ಅದರದ್ದೇ, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವೂ ಅದರದ್ದೇ. ಆದುದರಿಂದ ಬಿಡಿಭಾಗಗಳು ಕಡಿಮೆ, ಕಾಡಿನ ನಡುವೆ ಮುರಿದರೂ ಹತ್ತಿರದ ಊರಿನಲ್ಲಿ ದುರಸ್ತಿ ಸಾಧ್ಯ. ಮಹೀಂದ್ರದ ಹಳೆಯ ಜೀಪುಗಳೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ನಾಲ್ಕೂ ಮೂಲೆಗೆ ಬ್ಲೇಡಿನ ಗಾಡಿಗಳು. ದೋಷವೇನೆಂದರೆ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಸಣ್ಣ ಗುಂಡಿಗಳಿಗೆ ಅವು ಮಣಿಯುವುದಿಲ್ಲ, ನಡು ಕುಲುಕುತ್ತದೆ.

ಕಾಯಿಲ್ ಸ್ಪ್ರಿಂಗು ಭಾರ ಮಾತ್ರ ಹೊರುತ್ತದೆ. ಆಕ್ಸಲನ್ನು ಹಿಡಿದಿಡಲು ಪ್ರತ್ಯೇಕ ತೋಳುಗಳು ಬೇಕು. ಆದರೆ ಅದು ಮೃದುವಾಗಿ, ಉದ್ದವಾಗಿ ಆಡುತ್ತದೆ. ಇಡಿಯ ಆಕ್ಸಲಿಗೆ ಕಾಯಿಲ್ ಜೋಡಿಸಿ ಕಾಡಿಗೂ ರಸ್ತೆಗೂ ಸೈ ಎನಿಸಿಕೊಂಡ ಗಾಡಿ 1970ರಲ್ಲಿ ಬ್ರಿಟನ್ನಿನಲ್ಲಿ ಬಂದ ರೇಂಜ್ ರೋವರ್. ಅಮೆರಿಕದ ಜೀಪ್ ರ‍್ಯಾಂಗ್ಲರ್ 1990ರ ದಶಕದ ನಡುವಿನಲ್ಲಿ ಅದೇ ದಾರಿ ಹಿಡಿಯಿತು. ನಮ್ಮಲ್ಲಿ 2023ರಲ್ಲಿ ಬಂದ ಮಾರುತಿ ಜಿಮ್ನಿಯ ಹಿಂದೆ ಮುಂದೆ ಎರಡೂ ಕಡೆ ಇಡಿಯ ಆಕ್ಸಲ್, ಕಾಯಿಲ್ ಸ್ಪ್ರಿಂಗು.

ಮೂರನೆಯದು ಇಂಡಿಪೆಂಡೆಂಟ್ ಸಸ್ಪೆನ್ಷನ್. ಎಡಗಾಲಿಯ ಸುಖದುಃಖ ಬಲಗಾಲಿಗೆ ಮುಟ್ಟದು. ಹೆದ್ದಾರಿಯಲ್ಲಿ ಇದರ ಸ್ಥಿರತೆಯೇ ಬೇರೆ. ಇಡಿಯ ಆಕ್ಸಲಿನಲ್ಲಾದರೋ ಒಂದು ಗಾಲಿ ಮೇಲೇರಿದರೆ ಇನ್ನೊಂದು ಕೆಳಗೊತ್ತಲ್ಪಡುತ್ತದೆ, ತಕ್ಕಡಿಯಂತೆ. ಕಲ್ಲುದಾರಿಯಲ್ಲಿ ಅದೇ ವರ, ಹೆದ್ದಾರಿಯಲ್ಲಿ ಅದೇ ಶಾಪ. ಆದುದರಿಂದಲೇ 2020ರ ಹೊಸ ಥಾರ್ ಎರಡನ್ನೂ ಬೆರೆಸಿತು. ಮುಂದೆ ಇಂಡಿಪೆಂಡೆಂಟ್, ಹಿಂದೆ ಇಡಿಯ ಆಕ್ಸಲ್, ನಾಲ್ಕಕ್ಕೂ ಕಾಯಿಲ್. 2021ರ ಫೋರ್ಸ್ ಗೂರ್ಖಾ ಕೂಡ ಇದೇ ಕ್ರಮವನ್ನು ಅನುಸರಿಸಿತು. ಕಾರ್ಖಾನೆಯಿಂದ ಬರುವಾಗಲೇ ಥಾರ್‌ಗೆ 226 ಮಿ.ಮೀ. ಕ್ಲಿಯರೆನ್ಸು, 650 ಮಿ.ಮೀ. ಆಳದ ನೀರಿನಲ್ಲಿ ಹಾಯುವ ಶಕ್ತಿ ಇವೆ. ಇದನ್ನೂ ಮತ್ತೆ ಏರಿಸಬೇಕೆನ್ನುವವರು ಏಕೆಂದು ತಮ್ಮನ್ನೇ ಕೇಳಿಕೊಳ್ಳಲಿ!

ಒಂದು ಇಂಚಿನ ಹಿಂದೆ ಹತ್ತು ಕೆಲಸ

ನಮ್ಮ ಹುಡುಗನ ಯೋಜನೆ ಏನಿತ್ತೆಂದರೆ, ಆಕ್ಸಲಿನ ಕೆಳಗೆ ಕಟ್ಟಿದ್ದ ಬ್ಲೇಡುಗಳನ್ನು ಬಿಚ್ಚಿ ಆಕ್ಸಲಿನ ಮೇಲೆ ಕೂರಿಸುವುದು. ಹೊಸ ಸ್ಪ್ರಿಂಗಿನ ಖರ್ಚಿಲ್ಲ, ಆಕ್ಸಲ್ ಕೊಳವೆಯ ದಪ್ಪವೂ ಬ್ಲೇಡಿನ ಕಟ್ಟಿನ ದಪ್ಪವೂ ಸೇರಿದಷ್ಟು ಎತ್ತರ ಒಂದೇ ಏಟಿಗೆ ಸಿಗುತ್ತದೆ. ಕೇಳಲು ಸೊಗಸು. ಆದರೆ ಗಾಡಿಯ ಅಂಗಾಂಗಗಳೆಲ್ಲ ಒಂದಕ್ಕೊಂದು ಕೈಹಿಡಿದು ನಿಂತಿವೆ. ಒಂದನ್ನು ಎಳೆದರೆ ಉಳಿದವೂ ಎಳೆಯಲ್ಪಡುತ್ತವೆ.

ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚುತ್ತದೆ. ಅದರ ಜಾಯಿಂಟುಗಳು ನಡುಗಲು ತೊಡಗಿ ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರು ಪೈಪು ಗಿಡ್ಡವಾಗುತ್ತದೆ. ಗಾಲಿ ಗುಂಡಿಗಿಳಿದಾಗ ಅದು ಬಿಗಿದು ಕಿತ್ತರೆ ಬ್ರೇಕೇ ಇಲ್ಲ. ಸ್ಟಿಯರಿಂಗಿನ ಕಡ್ಡಿ ಓರೆಯಾಗಿ, ಗುಂಡಿ ಹಾರಿದಾಗಲೆಲ್ಲ ಗಾಡಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಬ್ಲೇಡು ಆಕ್ಸಲಿನ ಮೇಲೆ ಕುಳಿತರೆ, ಜೋರಾಗಿ ಎಳೆಯುವಾಗ ಆಕ್ಸಲ್ ಬ್ಲೇಡನ್ನೇ ಎಸ್ ಆಕಾರಕ್ಕೆ ತಿರುಚುತ್ತದೆ. ಅಗ್ಗದ ಇನ್ನೊಂದು ಉಪಾಯ ಉದ್ದನೆಯ ಶಾಕಲ್ ಹಾಕುವುದು. ಎರಡು ಇಂಚು ಉದ್ದದ ಶಾಕಲಿಗೆ ಸಿಗುವ ಎತ್ತರ ಒಂದೇ ಇಂಚು. ಜೊತೆಗೆ ಆಕ್ಸಲ್ ತಿರುಗಿ ಮುಂದಿನ ಗಾಲಿಗಳು ನೇರ ನಿಲ್ಲುವ ಗುಣವೇ ಕೆಡಬಹುದು. ಕಾಯಿಲ್ ಗಾಡಿಯಲ್ಲೂ ಇದೇ ಕತೆ. ಉದ್ದದ ಸ್ಪ್ರಿಂಗು ಹಾಕಿದೊಡನೆ ಆಕ್ಸಲನ್ನು ಅಡ್ಡಡ್ಡ ಹಿಡಿದಿರುವ ಕಡ್ಡಿ ಅದನ್ನು ಒಂದು ಬದಿಗೆ ಎಳೆಯುತ್ತದೆ. ಅದನ್ನೂ ಬದಲಿಸಬೇಕು.

2010ರ ಮೊದಲ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್ ಇತ್ತು. ಅದರ ಬೋಲ್ಟು ತಿರುಗಿಸಿದರೆ ಮುಂಭಾಗ ಏರುತ್ತದೆ, ಕಾಸು ಖರ್ಚಿಲ್ಲ. ಆದರೆ ಗಾಲಿ ಕೆಳಗೆ ಇಳಿಯಲು ಇದ್ದ ಜಾಗವನ್ನೇ ತಿಂದು ಈ ಎತ್ತರ ಬರುತ್ತದೆ. ನೋಡಲು ಗಂಭೀರ, ಕಲ್ಲುದಾರಿಯಲ್ಲಿ ಮೊದಲಿಗಿಂತ ಕಷ್ಟ.

ಹಡಗಿನವನ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದುದನ್ನು ಕೊನೆಗೆ ಇಟ್ಟಿದ್ದೇನೆ. ಹಡಗಿನಲ್ಲಿ ಸರಕನ್ನು ಕೆಳಗೆ ತುಂಬಬೇಕು, ಮೇಲೆ ಪೇರಿಸಿದರೆ ಅಲೆಗೆ ಮಗುಚುತ್ತದೆ ಎಂಬುದು ನಮ್ಮಲ್ಲಿ ಮೊದಲ ಪಾಠ. ಗಾಡಿಗೂ ಅದೇ ನ್ಯಾಯ. ಎಡ ಬಲ ಗಾಲಿಗಳ ನಡುವಿನ ಅಂತರವನ್ನು ಗಾಡಿಯ ತೂಕದ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಬಂದ ಅಂಕಿ ದೊಡ್ಡದಾದಷ್ಟೂ ಗಾಡಿ ಸ್ಥಿರ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಬಳಸುವ ಲೆಕ್ಕವಿದು. ಸಾಮಾನ್ಯ ಕಾರುಗಳಿಗೆ 1.3ರಿಂದ 1.5, ಎತ್ತರದ ಗಾಡಿಗಳಿಗೆ 1.0ರಿಂದ 1.3 ಬರುತ್ತದೆ.

ಲೆಕ್ಕದ ಅನುಕೂಲಕ್ಕೆ ಒಂದು ಜೀಪಿನ ಗಾಲಿಗಳ ಅಂತರ 1400 ಮಿ.ಮೀ., ತೂಕದ ಕೇಂದ್ರ 650 ಮಿ.ಮೀ. ಎತ್ತರ ಎಂದಿಟ್ಟುಕೊಳ್ಳಿ. 1400ನ್ನು 1300ರಿಂದ ಭಾಗಿಸಿದರೆ 1.08. ಈಗ ನಾಲ್ಕು ಇಂಚು ಏರಿಸಿ. ಆಕ್ಸಲು, ಗಾಲಿಗಳು ಏರುವುದಿಲ್ಲವಾದುದರಿಂದ ತೂಕದ ಕೇಂದ್ರ 80 ಮಿ.ಮೀ. ಏರಿತೆನ್ನೋಣ. 1400 ಭಾಗಿಸು 1460, ಅಂದರೆ 0.96. ಒಂದರ ಗೆರೆ ದಾಟಿ ಕೆಳಗಿಳಿದಾಯಿತು! ಕಾಗದದ ಮೇಲೆ ಇದು ಸಣ್ಣ ಬದಲಾವಣೆ. ರಸ್ತೆಯಲ್ಲಿ ಸ್ಪ್ರಿಂಗು, ಟೈರುಗಳು ಬಾಗುವುದನ್ನೂ ಸೇರಿಸಿದರೆ, ಅಡ್ಡ ಬಂದ ಆಕಳನ್ನು ತಪ್ಪಿಸಲು ಸ್ಟಿಯರಿಂಗು ತಟ್ಟನೆ ತಿರುಗಿಸಿದಾಗ ಟೈರು ಜಾರುವುದರೊಳಗೆ ಗಾಡಿಯೇ ಮಗುಚುವ ಸಂಭವ ಹತ್ತಿರವಾಗುತ್ತದೆ.

ಹುಡುಗನಿಗೆ ನಾನು ಕೇಳಿದೆ: "ಇಲ್ಲಿಂದ ಕೊಲ್ಲೂರಿಗೆ ಐನೂರಕ್ಕೂ ಹೆಚ್ಚು ಕಿಲೋಮೀಟರು. ಬಹುಪಾಲು ಹೆದ್ದಾರಿ, ಲಾರಿ ಬಸ್ಸುಗಳ ನಡುವೆ. ಕಲ್ಲುದಾರಿ ಎಷ್ಟು? ಕೊನೆಯ ಹತ್ತು ಕಿಲೋಮೀಟರಿನ ಆಸುಪಾಸು. ಗಾಡಿಯನ್ನು ಯಾವುದಕ್ಕಾಗಿ ಸಿದ್ಧ ಮಾಡಬೇಕು, ಮಗೂ?" ಅವನು ಉತ್ತರಿಸಲಿಲ್ಲ.

ಕಾನೂನಿನ ಮಾತು

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಈ ಕುರಿತ ಪ್ರಸಿದ್ಧ ಮೊಕದ್ದಮೆ ನಮ್ಮ ಕೇರಳದಿಂದಲೇ ಹೋದದ್ದು. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪನ್ನು ಬದಿಗೊತ್ತಿ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಆದುದರಿಂದ ಯಾವ ಬದಲಾವಣೆಗೂ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಗ್ಯಾರೇಜಿನವರ "ಏನೂ ಆಗಲ್ಲ" ಎಂಬ ಭರವಸೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು?

ಮರುದಿನ ಭಾನುವಾರ ಹುಡುಗನ ಮನೆಗೆ ಹೋಗಿ ಜೀಪಿನ ಕೆಳಗೆ ಮಲಗಿ ನೋಡಿದೆ. (ಈ ವಯಸ್ಸಿನಲ್ಲಿ ಕೆಳಗೆ ಹೋಗುವುದು ಸುಲಭ, ಹೊರಬರಲು ಇಬ್ಬರು ಬೇಕಾಯಿತು!) ಬ್ಲೇಡುಗಳು ಆಯಾಸಗೊಂಡು ಚಪ್ಪಟೆಯಾಗಿದ್ದವು, ಎರಡು ಬಿರುಕುಬಿಟ್ಟಿದ್ದವು. ಬುಷ್ಷುಗಳು ಪುಡಿಪುಡಿ. ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿ ಒಣಗಿತ್ತು. ನಮ್ಮ ಕಡಲ ದಂಡೆಯ ಉಪ್ಪುಗಾಳಿ, ಬೀದಿಗೆ ನುಗ್ಗುವ ಉಬ್ಬರದ ನೀರು ಸೇರಿ ಶಾಕಲಿನ ಪಿನ್ನುಗಳನ್ನು ತುಕ್ಕಿನಲ್ಲಿ ಬೆಸೆದುಬಿಟ್ಟಿದ್ದವು. ಅಂದರೆ ಅವನ ಜೀಪು ಗಿಡ್ಡವಾಗಿದ್ದುದು ಕಾರ್ಖಾನೆಯ ತಪ್ಪಿನಿಂದಲ್ಲ, ಮುಪ್ಪಿನಿಂದ.

ಕೊನೆಗೆ ಮಾಡಿಸಿದ್ದು ಇಷ್ಟು. ಕಾರ್ಖಾನೆಯ ಅಳತೆಯದೇ ಹೊಸ ಬ್ಲೇಡಿನ ಸೆಟ್ಟು, ಹೊಸ ಬುಷ್ಷು, ಪಿನ್ನು, ಯು-ಬೋಲ್ಟು, ಒಳ್ಳೆಯ ಶಾಕ್ ಅಬ್ಸಾರ್ಬರು. ಮೂಲ ಅಳತೆಯ ಟೈರೇ, ಆದರೆ ಕಲ್ಲು ಮಣ್ಣು ಹಿಡಿಯುವ ಒರಟು ಪಟ್ಟೆಯದು. ಕಳೆದುಹೋಗಿದ್ದ ಎತ್ತರ ಹಾಗೆಯೇ ಮರಳಿ ಬಂತು. ಪಿನ್ನುಗಳಿಗೆ ತಪ್ಪದೆ ಗ್ರೀಸು ಹಾಕಿದರೆ ಬ್ಲೇಡು ಸಲೀಸಾಗಿ ಆಡುತ್ತದೆ, ಗಾಲಿ ನೆಲ ಹಿಡಿಯುತ್ತದೆ. ವಾಗಮಣ್ಣಿನ ಕಡೆಯ ಎಸ್ಟೇಟು ದಾರಿಗಳಿಗೆ ಅದು ಸಾಕಷ್ಟಾಯಿತು. ಕಲ್ಲುದಾರಿಯಲ್ಲಿ ಟೈರಿನ ಗಾಳಿ ಕೊಂಚ ಇಳಿಸಿ ನಿಧಾನ ಹೋಗುವುದು, ರಸ್ತೆಗೆ ಮರಳಿದೊಡನೆ ತುಂಬಿಸುವುದು, ಇದನ್ನೂ ಕಲಿಸಿದೆ. ಇದಕ್ಕೆ ಖರ್ಚೇ ಇಲ್ಲ.

ಇಷ್ಟೆಲ್ಲ ಮುಗಿದು ಜೀಪು ಅಂಗಳದಲ್ಲಿ ನಿಂತಾಗ ಒಳಗಿನಿಂದ ಅಜ್ಜಿ ಕೋಲೂರಿಕೊಂಡು ಬಂದರು. ಒಂದು ಕಾಲು ಎತ್ತಿ ಮೆಟ್ಟಿಲಿಗೆ ಇಡಲು ನೋಡಿದರು, ಆಗಲಿಲ್ಲ. ಮೊಮ್ಮಗ ಒಳಗೋಡಿ ಒಂದು ಮಣೆ ತಂದು ಕೆಳಗಿಟ್ಟ. ಅದರ ಮೇಲೆ ನಿಂತು, ಅವನ ಹೆಗಲು ಹಿಡಿದು ಹತ್ತಿ ಕುಳಿತರು. "ಇನ್ನೊಂಚೂರು ಎತ್ರ ಇದ್ದಿದ್ರೆ ನನ್ನ ಕೈಲಿ ಹತ್ತೂಕೆ ಆತಿರ್ಲಿಲ್ಲ ಮಗಾ" ಎಂದರು. ನಾಲ್ಕು ಇಂಚಿನ ಯೋಜನೆಯ ವಿಚಾರ ಅವರಿಗೆ ಯಾರೂ ಹೇಳಿರಲಿಲ್ಲ. ಹುಡುಗ ನನ್ನ ಮುಖ ನೋಡಿದ, ನಾನು ಬೇರೆ ಕಡೆ ನೋಡಿದೆ.

ಮಳೆ ನಿಂತ ಮೇಲೆ ಅವರು ಹೊರಡುತ್ತಾರೆ. ಕೊಲ್ಲೂರಿನವರೆಗೆ ಅವನ ಜೀಪು, ಅಲ್ಲಿಂದ ಮೇಲಕ್ಕೆ ಅಲ್ಲಿಯವರದೇ ಬಾಡಿಗೆ ಜೀಪು ಎಂದು ಮಾತಾಗಿದೆ. ಇದು ಅವನಿಗೆ ಪೂರ್ತಿ ಸಮಾಧಾನ ತಂದಿಲ್ಲ, ಗೊತ್ತು. ಆದರೆ ಪ್ರತಿ ದಿನ ಆ ಕಲ್ಲುಗಳ ಮೇಲೆ ಓಡಾಡುವ ಚಾಲಕನ ಪಕ್ಕದಲ್ಲಿ ಒಮ್ಮೆ ಕುಳಿತು, ಅವನು ಯಾವ ಗಾಲಿಯನ್ನು ಯಾವ ಕಲ್ಲಿನ ಮೇಲೆ ಇಡುತ್ತಾನೆಂದು ನೋಡುವುದೂ ಒಂದು ಶಿಕ್ಷಣವೇ. ಕೇಳಬೇಕಾದುದನ್ನು ಕನ್ನಡದಲ್ಲೇ ಕೇಳು ಎಂದು ಹೇಳಿದ್ದೇನೆ.

ನಿಮ್ಮ ಗಾಡಿಗಳ ವಿಚಾರವನ್ನೂ ಬರೆದು ತಿಳಿಸಿ. ತಪ್ಪು ಕನ್ನಡವಾದರೂ ಚಿಂತೆಯಿಲ್ಲ, ತಿದ್ದಿ ಓದಿಕೊಳ್ಳುತ್ತೇನೆ. ಮುಂದಿನ ಸಂಚಿಕೆಯಲ್ಲಿ ಬ್ರೇಕುಗಳ ಬಗ್ಗೆ ಮಾತಾಡೋಣ. ಅಲ್ಲಿಯವರೆಗೆ ನಿಧಾನವಾಗಿ ಓಡಿಸಿ, ಸುಖವಾಗಿ ಮನೆ ಸೇರಿ.